ಕಣ್ಣೀರಿನ ಬಾಟಲಿ ಖಾಲಿ ಮಾಡಿದ ಗಾಯನ ಗುರುಗಳಿಗೆ

ಮಾನ್ಯರೇ,

ನನ್ನ ಫೋನಿನ ಪರದೆಯಲ್ಲಿ ಅಲಾರಾಮಿಗೂ ಹವಾಮಾನಕ್ಕೂ ನಡುವೆ, ಬಾಡಿಗೆಯ ಮಾತೇ ಎತ್ತದೆ ಸದ್ದಿಲ್ಲದೆ ನೆಲೆಸಿರುವ ಹಾಡು ಕಲಿಸುವ ಆ್ಯಪ್ ಮಹಾಶಯರ ಸನ್ನಿಧಿಗೆ, ಬಸ್ ನಿಲ್ದಾಣದ ಉದ್ಘೋಷಕನಾದ ನಾನು ಗಂಟಲು ಸರಿಮಾಡಿಕೊಂಡು, ನಡು ಬಗ್ಗಿಸಿ ಸಲ್ಲಿಸುವ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ, ಈಗಷ್ಟೇ ಚಾರ್ಜಿಗೆ ಹಾಕಿದ್ದೇನೆ.

ಮದುವೆಯ ವಾರ್ಷಿಕೋತ್ಸವಕ್ಕೆ ಏನು ಬೇಕೆಂದು ಕೇಳಿದಾಗ ನನ್ನ ಹೆಂಡತಿ ಉಂಗುರ ಕೇಳಲಿಲ್ಲ, ಪ್ರವಾಸ ಕೇಳಲಿಲ್ಲ, ತನಗೆ ಪಂಚಪ್ರಾಣವಾದ ಒಂದು ಅಗಲಿಕೆಯ ಹಾಡನ್ನು ನನ್ನ ಬಾಯಿಂದ ಕೇಳಬೇಕೆಂದಳು. ಅದರಲ್ಲಿ ಒಬ್ಬ ಪ್ರಿಯಕರ, ಬಿಟ್ಟು ಹೋಗುತ್ತಿರುವವಳ ಬೆನ್ನು ನೋಡುತ್ತಾ, ‘ಹೋಗುವುದಾದರೆ ಹೋಗು, ಬಾಗಿಲು ಮಾತ್ರ ಮುಚ್ಚಬೇಡ’ ಎಂದು ಮೂರೂ ಸ್ಥಾಯಿಗಳಲ್ಲಿ ಅಳುತ್ತಾನೆ. “ಇಷ್ಟು ವರ್ಷ ಊಟಕ್ಕೆ ಬಾ ಅನ್ನೋದನ್ನೂ ಮೈಕಲ್ಲಿ ಹೇಳಿದ ಹಾಗೇ ಹೇಳಿದ್ದೀರ. ಒಂದೇ ಒಂದ್ಸಲ, ನಾನು ಹೋದ್ರೆ ನಿಮಗೆ ಏನಾದ್ರೂ ಆಗುತ್ತೆ ಅನ್ನೋ ಥರ ಹಾಡ್ರಿ” ಎಂದಳು. ಹಾಗೆ ಹೇಳುವಾಗ ಅವಳು ನಗುತ್ತಿರಲಿಲ್ಲ. ಆದ್ದರಿಂದ ನಾನು ತಮ್ಮ ಪಾದ ಹಿಡಿದೆ.

ನನ್ನ ಕಸುಬಿನ ಕಷ್ಟ ತಮಗೆ ತಿಳಿದಿರಲಾರದು. ಬಸ್ಸು ತಡವಾಗಲಿ, ರದ್ದಾಗಲಿ, ಉದ್ಘೋಷಕನ ದನಿ ಏರಬಾರದು, ಇಳಿಯಬಾರದು. ನಾವು ಬೇಸರಪಟ್ಟರೆ ಜನ ಗಾಬರಿಯಾಗುತ್ತಾರೆಂದು, ಮೈಕಿನ ಪಕ್ಕ ತುಂಬಿದ ನೀರಿನ ಲೋಟ ಇಟ್ಟು, ಅದು ತುಳುಕದಂತೆ ಮಾತಾಡಿಸಿ ನಮ್ಮನ್ನು ಪಳಗಿಸಿದ್ದಾರೆ. ಹೀಗೆ ಪಳಗಿದ ಗಂಟಲಿನಿಂದ ನಾನು ಹಾಡಿದಾಗ, ಹಾಡುವವನ ದುಃಖವನ್ನು ಅಳೆದು ನೀಲಿ ನೀಲಿಯಾಗಿ ತುಂಬಬೇಕಾದ ತಮ್ಮ ಪರದೆಯ ಮೇಲಿನ ಆ ಕಣ್ಣೀರಿನ ಬಾಟಲಿಯ ತಳ ಕೂಡ ಒದ್ದೆಯಾಗಲಿಲ್ಲ. ‘ಭಾವ ಸಾಲದು, ನಿಮ್ಮ ಹಳೆಯ ನೋವನ್ನು ನೆನೆಯಿರಿ’ ಎಂದು ತಾವು ಅಪ್ಪಣೆ ಕೊಟ್ಟಿರಿ. ನೆನೆದೆ. ದವಡೆಹಲ್ಲು ಕೀಳಿಸಿಕೊಂಡದ್ದು ಬಿಟ್ಟರೆ ಬೇರೇನೂ ಸಿಗದ ಕಾರಣ ಅದನ್ನೇ ಮನಸ್ಸಿನಲ್ಲಿಟ್ಟು ಹಾಡಿದೆ. ‘ಬಾಗಿಲು ಮಾತ್ರ ಮುಚ್ಚಬೇಡ’ ಎಂಬಲ್ಲಿಗೆ ಬಂದಾಗ ಅಭ್ಯಾಸಬಲದಿಂದ ‘ದಯವಿಟ್ಟು ಬಾಗಿಲ ಬಳಿ ನಿಲ್ಲಬಾರದು’ ಎಂದೂ ಸೇರಿಸಿಬಿಟ್ಟೆ. ತಾವು ಅದಕ್ಕೂ ಅಂಕ ಕಳೆದಿರಿ.

ತಮ್ಮ ತಾಳ್ಮೆಯನ್ನು ಎಷ್ಟು ಕೊಂಡಾಡಿದರೂ ಕಡಿಮೆಯೇ. ಬಚ್ಚಲಲ್ಲಿ ಹಾಡಿದೆ, ಬೀರುವಿನೊಳಗೆ ತಲೆ ಹಾಕಿ ಹಾಡಿದೆ, ಈರುಳ್ಳಿ ಹೆಚ್ಚುತ್ತಾ ಹಾಡಿದೆ. ಮೇಲಿನ ಮನೆಯ ನರ್ಸಮ್ಮ ಯಾರಿಗೋ ಹೊಟ್ಟೆನೋವು ತಡೆಯಲಾಗುತ್ತಿಲ್ಲವೆಂದು ಭಾವಿಸಿ ಮಾತ್ರೆ ಹಿಡಿದು ಓಡಿಬಂದರು. ಅವರಿಗೆ ಒಂದು ಅಂತಸ್ತಿನಾಚೆ ಕೇಳಿಸಿದ ಸಂಕಟ ಅಂಗೈಯಲ್ಲಿದ್ದ ತಮಗೆ ಕೇಳಿಸದೆ ಹೋದದ್ದು ತಮ್ಮ ಸ್ಥಿತಪ್ರಜ್ಞತೆಗೆ ಸಾಕ್ಷಿಯೆಂದೇ ನಾನು ನಂಬಿದ್ದೇನೆ.

ಕೊನೆಗೆ ಹೆಂಡತಿಯೇ ಕೈಚೆಲ್ಲಿದಳು. “ಬಿಡ್ರಿ, ಆಗಲ್ಲ ಅಂದ್ರೆ ಆಗಲ್ಲ. ಅಮ್ಮನ ಮನೆಗೆ ಹೋಗಿರ್ತೀನಿ, ಅಲ್ಲಿ ನಿದ್ದೆಯಾದ್ರೂ ಬರುತ್ತೆ” ಎಂದು ಬ್ಯಾಗು ತುಂಬಿದಳು. ಯಾವಾಗ ಬರುತ್ತೀಯೆಂದು ಕೇಳಿದ್ದಕ್ಕೆ “ನೋಡೋಣ” ಎಂದಳು. ಆ ‘ನೋಡೋಣ’ ನನಗೆ ಬಹಳ ನೋವು ಕೊಟ್ಟಿತು, ಮಾನ್ಯರೇ, ಹಲ್ಲಿಗಿಂತ ಹೆಚ್ಚು.

ಅವಳ ಬಸ್ಸನ್ನು ಕೂಗುವ ಸರದಿ ನನ್ನದೇ ಆಗಿತ್ತು. ಕ್ಯಾಬಿನ್ನಿನ ಗಾಜಿನಾಚೆ ಅವಳು ಕಿಟಕಿ ಪಕ್ಕ ಕೂತು, ನನ್ನ ಕಡೆ ಕಣ್ಣೆತ್ತದೆ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದಳು. ತಾವು ಬಾಟಲಿ ತೆರೆದುಕೊಂಡು ಮೇಜಿನ ಮೇಲಿದ್ದಿರಿ. ‘ಪ್ರಯಾಣಿಕರ ಗಮನಕ್ಕೆ’ ಎಂಬುದು ಸಲೀಸಾಗಿ ಬಂತು. ‘ಹೊರಡಲು ಸಿದ್ಧವಾಗಿದೆ’ ಎಂಬಲ್ಲಿ ದನಿ ಬಿರಿಯಿತು. ಸಾವರಿಸಿಕೊಂಡು, ಹೊರಡುವುದು ನಿಜಕ್ಕೂ ಅನಿವಾರ್ಯವೇ ಎಂದು ಪ್ರಯಾಣಿಕರು ಇನ್ನೊಮ್ಮೆ ಯೋಚಿಸಬೇಕಾಗಿ ವಿನಂತಿಸಿ, ಸೊರಕ್ಕನೆ ಮೂಗು ಎಳೆದುಕೊಂಡೆ. ಅದು ನಿಲ್ದಾಣದ ಅಷ್ಟೂ ಲೌಡ್‌ಸ್ಪೀಕರುಗಳಲ್ಲಿ ಮೊಳಗಿತು. ಮಿಕ್ಸಿ ಮಾರುವ ಏಜೆಂಟನೊಬ್ಬ ಬಸ್ಸಿಳಿದು ಮನೆಗೆ ಫೋನು ಮಾಡಿದ, ಕಂಡಕ್ಟರು ಟಿಕೆಟ್ಟಿನ ಸುರುಳಿಯಲ್ಲಿ ಕಣ್ಣೊರೆಸಿಕೊಂಡರು, ನನ್ನ ಹೆಂಡತಿ ಓಡಿಬಂದು ಕ್ಯಾಬಿನ್ನಿನ ಬಾಗಿಲಲ್ಲಿ ನಿಂತು “ಇಷ್ಟು ಸಾಕಿತ್ತು ಕಣ್ರೀ ನನಗೆ” ಎಂದಳು. ಮೇಜಿನ ಮೇಲೆ ತಮ್ಮ ಬಾಟಲಿ ಕುತ್ತಿಗೆಯವರೆಗೆ ತುಂಬಿ ಹೊರಚೆಲ್ಲುತ್ತಿದ್ದುದನ್ನು ನಾವಿಬ್ಬರೂ ಕಣ್ಣಾರೆ ಕಂಡೆವು. ಮರುಕ್ಷಣವೇ ತಾವು ‘ಹಾಡು ಗುರುತು ಸಿಗಲಿಲ್ಲ’ ಎಂದು ಘೋಷಿಸಿ ಅಷ್ಟನ್ನೂ ಚೆಲ್ಲಿಬಿಟ್ಟಿರಿ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಚೆಲ್ಲಿದ ನನ್ನ ಕಣ್ಣೀರನ್ನು ಒಂದು ಹನಿಯೂ ಸೋರದಂತೆ ಬಾಟಲಿಗೆ ಮರಳಿ ತುಂಬಿಸಿಕೊಡಬೇಕು. ಒಡತಿಯಿಲ್ಲದೆ ತವರಿಗೆ ಹೋಗಿರುವ ಬ್ಯಾಗನ್ನು ವಾಪಸು ತರಬೇಕು. ನಿಲ್ದಾಣದ ಮೇಲಧಿಕಾರಿಗಳು ನನ್ನಿಂದ ಮೈಕು ಕಿತ್ತುಕೊಂಡಿರುವುದರಿಂದ, ಭಾವದ ಸೋಂಕೇ ಇಲ್ಲದ ತಾವು ಆ ಕುರ್ಚಿಯಲ್ಲಿ ಕೂತು ಒಂದು ವಾರ ಬಸ್ಸು ಕೂಗಬೇಕೆಂದೂ ಕೈಮುಗಿದು ಬೇಡುತ್ತೇನೆ.

ಅಂಕಗಳ ತಕರಾರು ತೀರುವವರೆಗೆ ಮಾತ್ರ,
ತಮ್ಮ ವಿಶ್ವಾಸಿ,
ಸದ್ಯಕ್ಕೆ ಪಾರ್ಸೆಲ್ ವಿಭಾಗದಲ್ಲಿರುವ ಉದ್ಘೋಷಕ

ತಾ.ಕ.: ಇಷ್ಟು ಬರೆದು ಮುಗಿಸಿ ತಮ್ಮನ್ನು ಫೋನಿನಿಂದ ಅಳಿಸಲು ಹೋದಾಗ, ‘ನಿಜವಾಗಿಯೂ ನಮ್ಮನ್ನು ಬಿಟ್ಟು ಹೋಗುವಿರಾ?’ ಎಂದು ಕೇಳಿದಿರಿ. ಹೆಂಡತಿಗೂ ತೋರಿಸಿದೆ. ಇನ್ನೂ ಸ್ವಲ್ಪ ಎದೆಯಾಳದಿಂದ ಕೇಳಬೇಕಿತ್ತು ಎಂಬುದು ನಮ್ಮಿಬ್ಬರ ಅಭಿಪ್ರಾಯ.