ಒಂದು ಸೀಟಿಗೆ ಎತ್ತು, ಎರಡು ಸೀಟಿಗೆ ಇಳಿಸು

ಭಾರ ಎತ್ತಿಸುವ ವಿದ್ಯೆಯಲ್ಲಿ ನಿಜಾಮರ ಸೀಮೆಯಲ್ಲೇ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ಒಂದು ಇಡೀ ಬೆಳಗು ನಂಬಿದ್ದೆ. ಮಧ್ಯಾಹ್ನದ ಹೊತ್ತಿಗೆ ಆ ನಂಬಿಕೆ ನೆಲದಿಂದ ಎರಡಾಳೆತ್ತರದಲ್ಲಿ ನೇತಾಡುತ್ತಿತ್ತು. ಅದರ ಜೊತೆಗೆ ನಾನೂ!

ಆಗ ಕಮಲಾಪುರದಲ್ಲಿ ಒಬ್ಬ ಜಾಗೀರದಾರರ ಬಂಗಲೆ ಏಳುತ್ತಿತ್ತು. ಉರ್ದು ಪರೀಕ್ಷೆ ಪಾಸಾದವನೆಂಬ ಒಂದೇ ಅರ್ಹತೆಯ ಮೇಲೆ ನಾನು ಅಲ್ಲಿ ಹಂಗಾಮಿ ದರೋಗಾ, ಅಂದರೆ ಕೆಲಸಗಾರರ ಮೇಲ್ವಿಚಾರಕ. ಹೆಬ್ಬಾಗಿಲಿನ ಮೇಲೆ ಉದ್ದನೆಯ ಕಲ್ಲು ಏರಿಸುವ ದಿನ ಜಾಗೀರದಾರ ಸಾಹೇಬರು ಖುದ್ದಾಗಿ ಬರುವವರಿದ್ದರು. ಕಲ್ಲು ಸರಿಯಾಗಿ ಕೂತರೆ ನನ್ನ ನೌಕರಿ ಕಾಯಂ. ಕೂರದಿದ್ದರೆ ಮಾವನವರ ಅಂಗಡಿಯಲ್ಲಿ ತೊಗರಿ ಹಸನು ಮಾಡುವ ಕೆಲಸ ಕಾಯಂ.

ಹಿಂದಿನ ದಿನ ಕಲಬುರ್ಗಿಯ ಗಾಜಿಪುರದ ನಮ್ಮ ಮನೆಯಲ್ಲಿ ರೊಟ್ಟಿ ಕಟ್ಟಿಕೊಡುತ್ತ ಹೆಂಡತಿ ಸಿದ್ದಮ್ಮ ಹೇಳಿದಳು: “ಆ ಮಂದಿ ಹುಟ್ಟಿದಾಗಿಂದ ಕಲ್ಲು ಎತ್ಯಾರ. ನೀವು ಸುಮ್ಮ ನೆರಳಾಗ ಕುಂದರ್ರಿ.”

“ದರೋಗಾ ಸುಮ್ಮ ಕುಂತ್ರ ಕಲ್ಲು ತಾನೇ ಏರ್ತದೇನು?”

“ಹ್ಞೂಂ ರೀ, ಏರ್ತದ.”

ಹೆಂಗಸರಿಗೆ ಯಂತ್ರದ ವಿಷಯ ಏನು ಗೊತ್ತು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿಬಿಟ್ಟು ಅನ್ನುವಷ್ಟು ಧೈರ್ಯವಿರಲಿಲ್ಲ.

ಯಂತ್ರವೆಂದರೆ ಕೈಯಿಂದ ತಿರುಗಿಸುವ ಕ್ರೇನು. ರೈಲಿನಲ್ಲಿ ಕಲಬುರ್ಗಿಗೆ ಬಂದು, ಅಲ್ಲಿಂದ ಎತ್ತಿನ ಬಂಡಿಯಲ್ಲಿ ಹೊರಟಾಗ ಮಹಾಗಾಂವದ ಜನ ಅದನ್ನು ಫಿರಂಗಿ ತೋಪೆಂದು ತಿಳಿದು ದಾರಿ ಬಿಟ್ಟಿದ್ದರು. ನಾನು ಬಂಡಿಯ ಮೇಲೆ ಸೇನಾಪತಿಯಂತೆ ಕೂತಿದ್ದೆ. ನಾಲ್ವರು ಹಿಡಿಕೆ ತಿರುಗಿಸಿದರೆ ಸರಪಳಿ ಸುತ್ತಿಕೊಂಡು ಕಲ್ಲು ಏರುತ್ತದೆ. ಅದು ಓಲಾಡದಂತೆ ಎರಡೂ ತುದಿಗೆ ಕಟ್ಟಿದ ಹಗ್ಗವನ್ನು ಎರಡು ಗುಂಪಿನವರು ಒಟ್ಟಿಗೆ ಎಳೆದು ಹಿಡಿಯಬೇಕು. ಇಷ್ಟೇ ಗುಟ್ಟು.

ಅಲ್ಲಿ ಮರೆಪ್ಪನೆಂಬ ಮುದುಕನೊಬ್ಬನಿದ್ದ. ಹಗ್ಗಕ್ಕೂ ಕೈ ಹಚ್ಚುವವನಲ್ಲ, ಕಲ್ಲಿಗೂ ಅಲ್ಲ. ದಿಬ್ಬದ ಮೇಲೆ ಕೂತು ಒಂದೊಂದೇ ಸಾಲು ಹಾಡುವುದು, ಉಳಿದವರು “ಐಸಾ!” ಎಂದು ಎಳೆಯುವುದು. ಹಾಡಾದರೂ ದೇವರದೇ? ಗೌಡರ ಹೊಟ್ಟೆ, ಮುಲ್ಲಾನ ಕತ್ತೆ, ಕಚೇರಿಯ ನಿದ್ದೆ! ಸಾಹೇಬರ ಕಿವಿಗೆ ಇದು ಬಿದ್ದರೆ ನನ್ನ ಗತಿ?

“ಇವತ್ತ ಹಾಡು ಬಂದ್,” ಎಂದು ಹುಕುಂ ಹೊರಡಿಸಿದೆ. “ನನ್ನ ಸೀಟಿ ಕೇಳ್ರಿ. ಒಂದು ಸೀಟಿ ಊದಿದ್ರ ಎತ್ತೋದು. ಎರಡು ಊದಿದ್ರ ಇಳಸೋದು. ಸೀಟಿ ಬಿಟ್ಟು ಬ್ಯಾರೆ ಯಾರ ಮಾತೂ ಕೇಳಬಾರದು!”

ಮರೆಪ್ಪ ತಲೆ ಕೆರೆದುಕೊಂಡ. “ದರೋಗಾ ಸಾಹೇಬ್ರ, ಹಾಡಿನಾಗ ಉಸಿರು ಕೂಡ್ತದ್ರೀ. ಉಸಿರು ಕೂಡಲಿಲ್ಲಂದ್ರ ಕೈ ಹೆಂಗ ಕೂಡ್ತಾವ?”

“ನೀ ಬೇವಿನ ಗಿಡದ ಕೆಳಗ ಹೋಗಿ ಕುಂದ್ರು.”

“ಹುಕುಂ ರೀ,” ಎಂದು ಹೋಗಿ ಕೂತ. ಉಳಿದವರೂ ಬಹಳ ವಿನಯದಿಂದ “ಹುಕುಂ ರೀ” ಎಂದರು. ಆ ವಿನಯ ಕಂಡಾಗಲೇ ನಾನು ಹೆದರಬೇಕಾಗಿತ್ತು.

ಸೀಟಿ ಎಲ್ಲರಿಗೂ ಕೇಳಲೆಂದು ನಾನು ಕಲ್ಲಿನ ಮೇಲೇ ಹತ್ತಿ, ಸರಪಳಿ ಹಿಡಿದು ನಿಂತೆ. ಬೇಲಿಯ ಮೇಲಿನ ಓತಿಕ್ಯಾತವನ್ನು ಹಿಡಿದು ಕಿವಿಯಲ್ಲಿ ಬಿಟ್ಟುಕೊಳ್ಳುವುದೆಂದರೆ ಇದೇ. ಊದಿದೆ. ಕಲ್ಲು ಏರಿತು! ಮತ್ತೆ ಊದಿದೆ. ಮತ್ತೆ ಏರಿತು! ದೂರದಲ್ಲಿ ಸಾಹೇಬರ ಟಾಂಗಾ ಕಾಣಿಸಿತು. ಅದು ಹತ್ತಿರ ಬಂದು ನಿಲ್ಲುತ್ತಿದ್ದಂತೆ ಉತ್ಸಾಹದಿಂದ ಮೂರನೆಯ ಸಲ ಊದಿದೆ.

ಎಡಗಡೆಯವರು ಎಳೆದರು. ಬಲಗಡೆಯವರು ಇನ್ನೂ ಉಸಿರು ತೆಗೆದುಕೊಳ್ಳುತ್ತಿದ್ದರು. ಕಲ್ಲು ವಾಲಿತು, ಕುಣಿಕೆಯಿಂದ ಜಾರಿತು, ಸುಣ್ಣದ ಗುಂಡಿಗೆ ಧೊಪ್ಪೆಂದು ಬಿತ್ತು. ದೇವರ ದಯೆ, ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಆಗಷ್ಟೇ ಟಾಂಗಾದಿಂದ ಇಳಿದ ಸಾಹೇಬರ ಕರಿ ಶೇರವಾನಿ ಬೆಳ್ಳಗಾಯಿತು!

ನಾನು ಎಲ್ಲಿದ್ದೆ? ಸರಪಳಿಯಲ್ಲಿದ್ದೆ. ಅದರ ತುದಿಯ ಕೊಕ್ಕೆ ನನ್ನ ನಡುಪಟ್ಟಿಗೆ ಸಿಕ್ಕಿಕೊಂಡಿತ್ತು. ಹೆದರಿಕೆಗೆ ಸೀಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದೆ; ಬಾಯಿ ಬಿಟ್ಟರೆ ಕೈಯೂ ಬಿಟ್ಟೀತು ಎಂಬ ಭಯ. ಆದರೆ ಉಸಿರಾಡಬೇಕಲ್ಲ? ಉಸಿರು ಬಿಟ್ಟೆ. ಪೀಂ!

ಒಂದು ಸೀಟಿ. ಎತ್ತಿದರು.

ಗಾಬರಿಯಿಂದ ಮತ್ತೊಮ್ಮೆ ಉಸಿರು ಬಿಟ್ಟೆ. ಪೀಂ! ಮತ್ತೆ ಎತ್ತಿದರು. ಅವರ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಅಂಥ ಕರ್ತವ್ಯನಿಷ್ಠೆಯನ್ನು ನಾನು ಇಂದಿಗೂ ಬೇರೆಲ್ಲೂ ಕಂಡಿಲ್ಲ.

“ಕೌನ್ ಹೈ ರೇ ಊಪರ್?” ಸಾಹೇಬರು ಸುಣ್ಣ ಒರೆಸಿಕೊಳ್ಳುತ್ತ ಗುಡುಗಿದರು.

“ನಮ್ಮ ದರೋಗಾ ಅದಾರ್ರೀ,” ಎಂದ ಹಿಡಿಕೆಯವನೊಬ್ಬ. “ಸೀಟಿ ಬಿಟ್ಟು ಬ್ಯಾರೆ ಯಾರ ಮಾತೂ ಕೇಳಬ್ಯಾಡ್ರಿ ಅಂತ ಅವರದೇ ಹುಕುಂ ಅದ.”

ಕೊನೆಗೆ ಸೀಟಿಯನ್ನು ಉಗುಳಿ, ಇದ್ದಬದ್ದ ಮರ್ಯಾದೆಯನ್ನೂ ಅದರ ಜೊತೆ ಉಗುಳಿ ಕೂಗಿದೆ: “ಮರೆಪ್ಪಾ! ಹಾಡೋ ನಮ್ಮಪ್ಪಾ!”

ಮರೆಪ್ಪ ನಿಧಾನವಾಗಿ ಎದ್ದ, ಗಂಟಲು ಸರಿಮಾಡಿಕೊಂಡ. ಅವಸರವೇನಿತ್ತು ಅವನಿಗೆ?

“ಮೋಡಕ ಹೋದ ದರೋಗಾ,”
“ಐಸಾ!”
“ಮೆಲ್ಲಕ ಇಳಸ್ರಿ ದರೋಗಾನ್ನ,”
“ಐಸಾ!”
“ಮನಿಯಾಗ ಹೆಂಡ್ತಿ ಕಾಯ್ತಾಳ,”
“ಐಸಾ!”

ಹೂವು ಇಳಿಸಿದಂತೆ ಇಳಿಸಿದರು. ಅದೇ ಹಾಡಿನಿಂದ, ಅದೇ ಕ್ರೇನಿನಿಂದ, ಸಂಜೆಯೊಳಗೆ ಆ ಕಲ್ಲನ್ನೂ ಏರಿಸಿ ಕೂರಿಸಿದರು. ಸಾಹೇಬರು ಮೆಚ್ಚಿ ಒಬ್ಬರ ನೌಕರಿಯನ್ನು ಸ್ಥಳದಲ್ಲೇ ಕಾಯಂ ಮಾಡಿದರು. ಮರೆಪ್ಪನದು!

ಈಗ ನಾನು ಮಾವನವರ ಅಂಗಡಿಯಲ್ಲಿದ್ದೇನೆ. ಹೋದ ವಾರ ಅಂಗಡಿಗೆ ಹೊಸದೊಂದು ಭಾರಿ ಬೀಸುವ ಕಲ್ಲು ಬಂತು. ಎಲ್ಲಿಯವರೋ ಗೊತ್ತಿಲ್ಲದ ನಾಲ್ವರು ಹಮಾಲರು ಅದಕ್ಕೆ ಹಗ್ಗ ಹಾಕಿ, ಸೊಂಟ ಬಗ್ಗಿಸಿ ಶುರು ಮಾಡಿದರು: “ಮೋಡಕ ಹೋದ ದರೋಗಾ...”

ಸಿದ್ದಮ್ಮ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಯಾರ್ರೀ ಅಂವ ದರೋಗಾ?” ಎಂದು ಬೇಕೆಂದೇ ಕೇಳಿದಳು.

“ಯಾರೋ ಹುಚ್ಚ ಇದ್ದನಂತ ಕಾಣ್ತದವ್ವ,” ಎಂದ ಹಮಾಲರಲ್ಲೊಬ್ಬ. “ಖರೆ ಹೇಳ್ತೀನಿ, ಈ ಹಾಡಿಗಿ ಎಂಥಾ ಕಲ್ಲಾದ್ರೂ ಏಳ್ತದ. ಅಣ್ಣಾರ, ಸುಮ್ಮ ಯಾಕ ನಿಂತೀರಿ? ನೀವೂ ಒಂದು ಕೈ ಹಚ್ಚರಿ!”

ಹಗ್ಗ ಹಿಡಿದೆ. ಮಾವನವರೂ ನೋಡುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ: “ಐಸಾ!”