ತಗಡಿನ ದೋಣಿಗೆ ಹಾಸಿದ ಕಾರ್ಪೆಟ್

ಮನುಷ್ಯ ತಾನು ಕೂತ ಜಾಗವನ್ನು ತಿರುಗಿ ನೋಡುವುದು ಅಪರೂಪ. ಸಾರಿಗೆ ಉಪ್ಪು ಹೆಚ್ಚಾದರೆ ಓಣಿಗೆಲ್ಲ ಕೇಳುವಂತೆ ಕೂಗಾಡುತ್ತಾನೆ, ಅಂಗಿಯ ತೋಳು ಅರ್ಧ ಬೆರಳು ಗಿಡ್ಡವಾದರೆ ದರ್ಜಿಯ ಹಿರಿಯರನ್ನೆಲ್ಲ ನೆನೆಯುತ್ತಾನೆ. ಆದರೆ ಕೆಳಗೆ ಹಾಸಿದ್ದರ ಬಗ್ಗೆ ಚಕಾರ ಎತ್ತುವುದಿಲ್ಲ. ಚುಚ್ಚಿದರೆ ತುಸು ಸರಿದು ಕೂರುತ್ತಾನೆ, ಅಷ್ಟೇ. ಮನುಷ್ಯಕುಲದ ಈ ಔದಾರ್ಯದ ಮೇಲೆಯೇ ನನ್ನ ಸಂಸಾರ ನಡೆದಿದೆ. ಬೀದರಿನ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಸೀಟ್ ಕವರ್ ಅಂಗಡಿ. ಜೀಪು, ಕಾರು, ಆಟೋಗಳಿಗೆ ಸೀಟು ಹೊಲಿಯುವುದು, ನೆಲಕ್ಕೆ ಕಾರ್ಪೆಟ್ ಅಂಟಿಸುವುದು ನನ್ನ ಕೆಲಸ. ಅಂಗಡಿಯ ಮುಂದೆ ಒಂದು ಬೋರ್ಡಿದೆ: ‘ಕೆಲಸ ಇಷ್ಟವಾದರೆ ನಾಲ್ಕು ಜನಕ್ಕೆ ಹೇಳಿ, ಇಷ್ಟವಾಗದಿದ್ದರೆ ನಮಗೆ ಹೇಳಿ.’ ಇಷ್ಟು ವರ್ಷಗಳಲ್ಲಿ ಆ ಎರಡನೆಯ ಮಾತನ್ನು ಯಾವ ಗಿರಾಕಿಯೂ ಬಳಸಿಕೊಂಡಿಲ್ಲ ಎಂದು ನಾನು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ನನ್ನ ಹೆಂಡತಿ ಸುಭದ್ರಾ ಮಾತ್ರ, ‘ಮನ್ಯಾಗಿನ ಕುರ್ಚಿ ಹರದು ಎರಡು ದೀಪಾವಳಿ ಆದವು. ಅದು ಯಾರಿಗಿ ಹೇಳಬೇಕ್ರಿ?’ ಎನ್ನುತ್ತಾಳೆ. ಅವಳು ಗಿರಾಕಿಯಲ್ಲವಾದ್ದರಿಂದ ಆ ದೂರನ್ನು ನಾನು ಪರಿಗಣಿಸಿಲ್ಲ.

ಬರ ಬಿದ್ದ ಆ ಎರಡು ವರ್ಷ ನಮ್ಮ ಸಾಲಿನ ಅಂಗಡಿಗಳೆಲ್ಲ ನೊಣ ಹೊಡೆಯುತ್ತಿದ್ದವು. ಹೇಳಲು ನಾಚಿಕೆ, ಆದರೂ ಹೇಳಿಬಿಡುತ್ತೇನೆ, ನನಗೆ ಮಾತ್ರ ಕೈತುಂಬ ಕೆಲಸ. ಔರಾದ, ಭಾಲ್ಕಿ ಕಡೆಯ ಹಳ್ಳಿಗಳಿಂದ ಜನ ಹೈದರಾಬಾದಿಗೆ ಗುಳೆ ಹೊರಟಿದ್ದರು. ಅವರನ್ನು ಸಾಗಿಸುವ ಜೀಪಿನವರು ಬಂದು, ಹಿಂದಿನ ಸೀಟೆಲ್ಲ ಕಿತ್ತು ಬರೀ ಕಾರ್ಪೆಟ್ ಹಾಸಿಕೊಡಿ ಎನ್ನುತ್ತಿದ್ದರು. ಸೀಟಿದ್ದರೆ ಎಂಟು ಜನ. ಇಲ್ಲದಿದ್ದರೆ ಮೊಣಕಾಲು ಎದೆಗೆ ಒತ್ತಿಕೊಂಡು ಹದಿನೈದು ಜನ. ಜೀವನವೆಲ್ಲ ಸೀಟು ಮಾಡಿದವನು ಸೀಟು ಕೀಳುವವನಾದೆ. ಕಿತ್ತ ಸೀಟುಗಳು ಅಂಗಡಿಯ ಹಿತ್ತಲಲ್ಲಿ ರಾಶಿ ಬಿದ್ದವು. ಓಣಿಯ ನಾಯಿಗಳು ಅವುಗಳ ಮೇಲೆ ಸಾಹೇಬರಂತೆ ಒರಗಿಕೊಂಡು ನಿದ್ದೆ ಮಾಡುತ್ತಿದ್ದವು. ನನ್ನ ಕಾರ್ಪೆಟ್ಟಿನ ಮೇಲೆ ಕೂತು ಹೋಗುವವರ ಮುಖ ನಾನು ನೋಡುತ್ತಿರಲಿಲ್ಲ. ನೋಡಿದರೆ ಕರುಳು ಚುರ್ ಎನ್ನುತ್ತದೆಂದು ನೋಡುತ್ತಿರಲಿಲ್ಲ ಎಂದರೆ ನೀವು ಮೆಚ್ಚಿಕೊಂಡೀರಿ. ನಿಜವೆಂದರೆ ಅವರು ಹೊರಡುವ ಹೊತ್ತಿಗೆ ನಾನು ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಿರುತ್ತಿದ್ದೆ.

ಅಂಥ ದಿನಗಳಲ್ಲಿ ಒಂದು ಬೆಳಿಗ್ಗೆ ಗಂಗೂಬಾಯಿ ಅಂಗಡಿಗೆ ಬಂದಳು. ಬಲಗೈಗೆ ಹಳೆಯ ಸೀರೆಯ ತುಂಡು ಸುತ್ತಿಕೊಂಡಿದ್ದಳು. ಗಂಗೂ ನಮ್ಮ ಊರಿನವಳು, ಔರಾದ ತಾಲ್ಲೂಕಿನ ಎಕಂಬಾದವಳು. ರಕ್ತಸಂಬಂಧವೇನಿಲ್ಲ. ಆದರೆ ನಮ್ಮಲ್ಲಿ ಊರಿನ ಹೆಣ್ಣುಮಗಳೆಂದರೆ ಊರಿನ ಗಂಡಸರಿಗೆಲ್ಲ ತಂಗಿ, ಅವಳ ಗಂಡ ಊರಿಗೆಲ್ಲ ಅಳಿಯ. ಅವಳನ್ನು ಭಾಲ್ಕಿ ಕಡೆ ಕಾರಂಜಾ ಜಲಾಶಯದ ದಂಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಗಂಡ ತುಕಾರಾಮನದು ಮೀನು ಹಿಡಿಯುವ ಕಸುಬು. ಒಂದು ತಗಡಿನ ದೋಣಿ, ಎರಡು ಬಲೆ, ದೋಣಿಯಲ್ಲಿ ಗಂಡನ ಜೊತೆ ನಿಂತು ಬಲೆ ಎಳೆಯುವ ಗಂಗೂ, ಇದಿಷ್ಟೇ ಅವರ ಮನೆತನ.

‘ದೋಣ್ಯಾಗ ಕಾಲ ಜಾರಿ ಬಿದ್ದೆರಿ ಅಣ್ಣಾ’ ಎಂದಳು. ‘ತಗಡ ನೋಡ್ರಿ, ಬಿಸಿಲಿಗಿ ಹಂಚಿನಂಗ ಕಾಯ್ತದ, ನೀರ ಬಿತ್ತಂದ್ರ ಜಾರ್ತದ. ಹೆಜ್ಜಿ ಇಟ್ರ ಢಬ್ ಢಬ್ ಅಂತದ, ಇದ್ದ ನಾಕು ಮೀನೂ ಓಡ್ತಾವ. ನೀವು ಜೀಪಿಗಿ ಹಾಕ್ತೀರಲ್ಲ, ಅಂಥಾದ್ದು ಒಂದು ತುಂಡು ದೋಣಿಗಿ ಹಾಕಿಕೊಡ್ರಿ.’

ನಾನು ನಕ್ಕೆ. ಅವಳು ನಗಲಿಲ್ಲ. ‘ನಮ್ಮ ಓಣ್ಯಾಗಿನ ಮಂದಿ ಎಲ್ಲಾ ಹೈದರಾಬಾದಿಗಿ ಹೋಗ್ಯಾರ್ರಿ. ನಾ ಮತ್ತೊಮ್ಮಿ ಬಿದ್ರ ಬಲಿ ಜಗ್ಗಲಾಕ ಇವರೊಬ್ಬರಿಗೇ ಆಗಲ್ಲ. ದೋಣಿ ನಡದ್ರ ಊರಾಗ ಇರ್ತೇವಿ, ಇಲ್ಲಂದ್ರ ನಾವೂ ಹೋಗಾದೇ.’

ತಂಗಿ ಬಾಯಿಬಿಟ್ಟು ಕೇಳಿದ ಮೇಲೆ ಅಣ್ಣನಾದವನು ಏನು ಮಾಡಬೇಕು? ಪಂಚಮಿಗೆ ಊರಿನ ಹೆಣ್ಣುಮಕ್ಕಳನ್ನು ಕರೆತರುವ ಪದ್ಧತಿ ಬರದಲ್ಲಿ ನಿಂತೇ ಹೋಗಿತ್ತು. ಕರೆದರೆ ಉಣ್ಣಲು ಏನಿಡುವುದು ಎಂದು ಊರವರೆಲ್ಲ ಸುಮ್ಮನಾಗಿದ್ದರು. ಈ ಕಾರ್ಪೆಟ್ಟೇ ತವರಿನ ಉಡುಗೊರೆಯಾಗಲಿ ಎಂದು ನನಗೆ ಉಮೇದು ಬಂತು. ಈ ಉಮೇದು ಎನ್ನುವುದು ನನಗೆ ಬಂದಾಗಲೆಲ್ಲ ಯಾರಿಗಾದರೂ ತೊಂದರೆಯಾಗಿದೆ.

ಮರುದಿನವೇ ಕಾರ್ಪೆಟ್ಟಿನ ಸುರುಳಿ ಹೊತ್ತು ಭಾಲ್ಕಿ ಬಸ್ಸು ಹತ್ತಿದೆ. ಇಳಿದು ಜಲಾಶಯದ ಕಡೆ ನೋಡಿದೆ. ಮೊದಲು ನೀರು ಊರಿನ ಬಾಗಿಲ ತನಕ ಇರುತ್ತಿತ್ತು. ಈಗ ಕಣ್ಣಿಗೆ ಕೈ ಅಡ್ಡ ಹಿಡಿದು ಹುಡುಕಬೇಕು. ಬಿರುಕು ಬಿಟ್ಟ ಕೆಸರಿನ ಬಯಲಿನಾಚೆ ಒಂದು ಬೆಳ್ಳನೆಯ ಗೀಟು. ದೋಣಿಯನ್ನು ಅಲ್ಲೇ ಬಿಟ್ಟರೆ ತಗಡಿನ ಆಸೆಗೆ ಯಾರಾದರೂ ಗುಜರಿಗೆ ಹಾಕುತ್ತಾರೆಂದು ಗಂಡ ಹೆಂಡತಿ ದಿನಾ ಅದನ್ನು ಮನೆಗೆ ಹೊತ್ತು ತರುತ್ತಿದ್ದರು, ಬೆಳಿಗ್ಗೆ ಮತ್ತೆ ಹೊತ್ತುಕೊಂಡು ಹೋಗುತ್ತಿದ್ದರು. ಅಂದೂ ನನ್ನ ಕಣ್ಣೆದುರೇ ಹೊತ್ತು ತಂದರು. ಮುಂದೆ ತುಕಾರಾಮ, ಹಿಂದೆ ಗಂಗೂ, ತಲೆಯ ಮೇಲೆ ಬೋರಲು ಹಾಕಿದ ದೋಣಿ. ಎಷ್ಟು ಸಲೀಸಾಗಿ ತರುತ್ತಾರಲ್ಲ ಎಂದು ನಾನು ಬೇವಿನ ನೆರಳಲ್ಲಿ ನಿಂತು ಮೆಚ್ಚಿಕೊಂಡೆ. ಮೆಚ್ಚಿಕೊಳ್ಳುವ ಬದಲು ಒಂದು ಕ್ಷಣ ಯೋಚಿಸಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ದೋಣಿಗೆ ಅಳತೆ ತೆಗೆಯುವುದು ಜೀಪಿನಷ್ಟು ಸುಲಭವಲ್ಲ. ಜೀಪಿಗೆ ಮೂಲೆಗಳಿವೆ, ಮರ್ಯಾದೆಯಿಂದ ನಾಲ್ಕು ಕಡೆ ನಿಲ್ಲುತ್ತದೆ. ದೋಣಿಗೆ ಮೂಲೆಯೇ ಇಲ್ಲ, ಮೂತಿ ಮಾತ್ರ ಇದೆ. ಹಳೆಯ ಪೇಪರ್ ಹಾಸಿ, ಮಡಚಿ, ಗೀಟು ಹಾಕಿ, ಕೊನೆಗೆ ಕಾರ್ಪೆಟ್ ಕತ್ತರಿಸಿ ಹರಡಿದೆ. ನಡುವೆ ಸೊಗಸಾದ ಒಂದು ದುಂಡನೆಯ ತೂತು. ತುಕಾರಾಮ ಅದನ್ನು ನೋಡಿದ, ನನ್ನನ್ನು ನೋಡಿದ. ‘ಇದು ಯಾಕ್ರಿ?’ ಎಂದ. ಗೇರಿನ ಕೋಲಿಗೆ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ಗಂಗೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ. ತೂತಿಗೆ ತೇಪೆ ಹಾಕಿ ಮಾನ ಉಳಿಸಿಕೊಂಡೆ.

ಆಮೇಲೆ ಚೀಲದಿಂದ ಫೋಮ್ ತೆಗೆದೆ. ಒಂದು ಬೆರಳು ದಪ್ಪದ ಫೋಮು. ಅವಳು ಕೇಳಿದ್ದು ಬರೀ ಕಾರ್ಪೆಟ್, ಆದರೆ ತವರಿನ ಉಡುಗೊರೆ ಎಂದರೆ ಬರೀ ಸೀರೆ ಕೊಟ್ಟು ಕುಪ್ಪಸದ ಬಟ್ಟೆ ಮರೆಯುತ್ತಾರೆಯೆ? ತುಕಾರಾಮ ಅನುಮಾನಿಸಿದ. ‘ಸುಮ್ಮ ಮ್ಯಾಲ ಹಾಸಿ ಬಿಡ್ರಿ. ನೀರಿಂದು ಕೆಲಸ, ತೆಗೆದು ಝಾಡಿಸಾಕ ಬರಬೇಕು.’ ನಾನು, ‘ಅಳಿಯಂದಿರು ನೀವು, ಸುಮ್ಮ ಕೂಡ್ರಿ. ಇದು ನಮ್ಮ ಮತ್ತ ನಮ್ಮ ತಂಗಿ ನಡುವಿನ ಮಾತು’ ಎಂದು ಬಾಯಿ ಮುಚ್ಚಿಸಿದೆ. ನನಗೆ ಈ ವಿದ್ಯೆ ಕಲಿಸಿದ ಉಸ್ತಾದ್ ಚಾಂದ್ ಸಾಹೇಬರದು ಒಂದೇ ಪಾಠ. ‘ಬೇಟಾ, ಗಾಡಿ ಗುಜರಿಗಿ ಹೋಗ್ಲಿ, ಅಂಟಿಸಿದ ಕಾರ್ಪೆಟ್ ಏಳಬಾರ್ದು. ಎದ್ದರ ನನ್ನ ಹೆಸರ ಹೇಳಬ್ಯಾಡ.’ ತಗಡನ್ನು ಉಜ್ಜಿ, ಅಂಟಿನ ಸಲ್ಯೂಷನ್ ಎರಡು ಸಲ ಬಳಿದು, ಫೋಮು, ಅದರ ಮೇಲೆ ಕಾರ್ಪೆಟ್, ಅಂಗುಲ ಅಂಗುಲಕ್ಕೂ ಮುಷ್ಟಿಯಿಂದ ಗುದ್ದಿ ಕೂರಿಸಿದೆ. ಕೊನೆಗೆ ದೋಣಿಯ ಒಂದು ತುದಿ ಎತ್ತಿಯೂ ನೋಡಿದೆ. ಭಾರ ಹೆಚ್ಚಾದಂತೆ ಕಾಣಲಿಲ್ಲ. ಒಣಗಿದ ಫೋಮಿಗೆ ಭಾರ ಎಲ್ಲಿಂದ ಬರಬೇಕು?

ಮನೆಗೆ ಬಂದು ಹೆಂಡತಿಗೆ ವರ್ಣಿಸಿ ಹೇಳಿದೆ. ಅವಳು ರೊಟ್ಟಿ ಬಡಿಯುವುದು ನಿಲ್ಲಿಸಿ, ‘ಫೋಮು ನೀರ ಕುಡಿಯಂಗಿಲ್ಲೇನ್ರಿ?’ ಎಂದಳು. ‘ನೀ ರೊಟ್ಟಿ ನೋಡು’ ಎಂದೆ. ರೊಟ್ಟಿ ಸೀದಿರಲಿಲ್ಲ.

ಇಪ್ಪತ್ತು ದಿನ ಕಳೆದಿರಬೇಕು. ನಾನು ಅಂಗಡಿಯ ಬಾಗಿಲು ತೆರೆಯುವಾಗ ಅಜೀಜ್ ಭಾಯಿಯ ಜೀಪು ಬಂದು ನಿಂತಿತು. ಔರಾದ, ಭಾಲ್ಕಿ ಸುತ್ತಿ ಜನರನ್ನು ತುಂಬಿಕೊಂಡು ಹೈದರಾಬಾದಿಗೆ ಹೊರಟವನು. ‘ಟ್ರಂಕು ಜಗ್ಗಿ ಜಗ್ಗಿ ಒಂದು ಕೋನಾ ಎದ್ದದ, ನಿಮ್ಮದೇನು ತಪ್ಪಿಲ್ಲರಿ. ಜರಾ ಅಂಟಿಸಿ ಬಿಡ್ರಿ’ ಎಂದ. ಸಲ್ಯೂಷನ್ ಡಬ್ಬಿ ಹಿಡಿದು ಹಿಂದೆ ಹೋಗಿ, ಒಳಗೆ ಕೂತವರಿಗೆ ಕಾಲು ಎತ್ತಿರೆಂದು ಹೇಳಿ ತಲೆ ಎತ್ತಿದರೆ ತುಕಾರಾಮ. ಮಡಿಲಲ್ಲಿ ಸುತ್ತಿದ ಬಲೆ. ಗಂಗೂ ನೀರು ತುಂಬಿಕೊಳ್ಳಲು ನಲ್ಲಿಯ ಕಡೆ ಹೋಗಿದ್ದಳಂತೆ.

ಏನಾಯಿತೆಂದು ಕೇಳಿದೆ. ಅವನು ಸಿಟ್ಟಿನಿಂದ ಹೇಳಿದ್ದರೆ ಚೆನ್ನಾಗಿತ್ತು. ಬಸ್ಸು ತಪ್ಪಿದವನ ಹಾಗೆ ಹೇಳಿದ. ‘ಎರಡು ದಿನ ಛಲೋ ಇತ್ತರಿ. ಆಮ್ಯಾಲ ಅದು ನೀರ ಕುಡಿದು ಕುಡಿದು ಎಮ್ಮಿಯಂಗ ಭಾರ ಆತು. ಇಬ್ಬರಿಗಿ ಎತ್ತಲಾಕ ಆಗಲಿಲ್ಲ. ಇಕಿ ಕೈ ಮೊದಲೇ ನೋವು. ನೀರ ದಂಡಿಗಿ ಬಿಟ್ಟು ಬರಲಾಕೂ ಆಗಲ್ಲ. ಕಿತ್ತಿ ಒಗೀಬೇಕಂತ ಖುರ್ಪಿ ಹಾಕಿ ಜಗ್ಗಿದೆ. ಬರಲಿಲ್ಲ. ಜೋರ್ಲೆ ಜಗ್ಗಿದೆ. ತುಕ್ಕ ಹಿಡಿದ ತಗಡ, ಕಾರ್ಪೆಟ್ ಜೋಡಿ ಅದೂ ಹರದು ಬಂತ್ರಿ.’ ಎರಡೂ ಅಂಗೈ ಅಗಲಿಸಿ ತೂತಿನ ಅಳತೆ ತೋರಿಸಿದ. ‘ನಿಮಗ ಹೇಳಬ್ಯಾಡ ಅಂದಾಳ. ತವರುಮನಿ ಕೊಟ್ಟಿದ್ದಕ್ಕ ಹೆಸರ ಇಡಬಾರದಂತ. ನಾ ಹೇಳೀನಿ ಅನಬ್ಯಾಡ್ರಿ.’

ಅಷ್ಟರಲ್ಲಿ ಗಂಗೂ ಬಂದಳು. ಕೊಡ ಒಳಗಿಟ್ಟು, ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡಳು. ‘ಕಾರ್ಪೆಟ್ ಬಾಳ ಚಂದ ಆಗಿತ್ತರಿ ಅಣ್ಣಾ. ಕಾಲ ಒಮ್ಮಿನೂ ಜಾರಲಿಲ್ಲ. ನೀರೇ ಕಡಿಮಿ ಆತು, ಅದಕ್ಕ ಹೊಂಟೇವಿ.’ ನಾನು ಹ್ಞೂಂ ಎಂದೆ. ನನ್ನಿಂದಲೇ ನಿನ್ನ ಮನೆ ಮುರಿಯಿತು ಗಂಗೂ ಎಂದು ಹೇಳಬೇಕಿತ್ತು. ಹೇಳಿದರೆ ಅವಳ ಮರ್ಯಾದೆ ಹೋಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ; ಹೋಗುತ್ತಿದ್ದುದು ನನ್ನದು. ತಲೆ ತಗ್ಗಿಸಿ, ಅವಳ ಕಾಲ ಹತ್ತಿರ ಎದ್ದಿದ್ದ ಮೂಲೆಗೆ ಸಲ್ಯೂಷನ್ ಬಳಿದು ಗುದ್ದಿದೆ. ಅವಳು ತನ್ನ ಪಕ್ಕದ ಮುದುಕಿಗೆ ಹೇಳುವುದು ಕೇಳಿಸಿತು: ‘ನಮ್ಮ ಅಣ್ಣ ಹಾಕಿದ್ದದ. ಏಳಂಗಿಲ್ಲ.’ ಜೀಪು ಹೋಯಿತು. ಆ ದಿನ ನನಗೆ ಉಪ್ಪಿಟ್ಟು ಸೇರಲಿಲ್ಲ.

ನಾಲ್ಕು ದಿನಕ್ಕೆ ಅಜೀಜ್ ಭಾಯಿ ಹೈದರಾಬಾದಿನಿಂದ ತಿರುಗಿ ಬಂದ. ಹಿಂದೆಯೇ ಅವನ ಗೆಳೆಯರ ಇನ್ನೆರಡು ಜೀಪು. ‘ನಿಮ್ಮ ತಂಗಿ ದಾರಿ ತುಂಬಾ ನಿಮ್ಮ ಕೆಲಸದ್ದೇ ತಾರೀಫ್ ಮಾಡಿದಳು ನೋಡ್ರಿ. ಫೋಮ್ ಹಾಕಿದ್ರ ಕಾಲಿಗಿ ಮೆತ್ತಗ ಇರ್ತದಂತ. ಇವರಿಬ್ಬರ ಸೀಟ್ ತೆಗೆದು, ನಮ್ಮ ಮೂರೂ ಗಾಡಿಗಿ ಅದೇ ಹಾಕಿಕೊಡ್ರಿ’ ಎಂದ. ಅವಳನ್ನು ಎಲ್ಲಿ ಇಳಿಸಿದಿರಿ ಎಂದು ಕೇಳಿದೆ. ದೊಡ್ಡ ಊರು, ಒಂದು ಸೇತುವೆ ಕಟ್ಟುತ್ತಿದ್ದಾರೆ, ಅದರ ಕೆಳಗೆ ಎಲ್ಲರೂ ಇಳಿದರು ಎಂದ. ಅಂಗಡಿಯ ಬೋರ್ಡಿನ ಮೊದಲನೆಯ ಮಾತನ್ನು ಇಷ್ಟು ಚಾಚೂ ತಪ್ಪದೆ ನಡೆಸಿಕೊಟ್ಟ ಗಿರಾಕಿ ನನಗೆ ಇನ್ನೊಬ್ಬರಿಲ್ಲ. ಎರಡನೆಯದನ್ನು ಅವಳು ಓದಲೇ ಇಲ್ಲ. ನನ್ನ ಕೆಲಸದ ಬಗ್ಗೆ ಇವತ್ತಿಗೂ ಒಂದು ದೂರಿಲ್ಲ. ಕತ್ತರಿ ತೆಗೆದುಕೊಂಡು, ಆ ಗೆಳೆಯರ ಜೀಪುಗಳಲ್ಲಿ ಮೊದಲನೆಯದರ ಸೀಟು ಬಿಚ್ಚತೊಡಗಿದೆ.