ಅಂಬ್ಲಿಗೊಳದಲ್ಲಿ ಕ್ಯಾಮೆರಾ ಪರೀಕ್ಷೆ

ಶಿಕಾರಿಪುರದ ಕಾಲೇಜಿನಲ್ಲಿ ಬಹುಕಾಲ ಭೌತಶಾಸ್ತ್ರ ಕಲಿಸಿದ ನನಗೆ ತಿಳಿಯದ ಯಂತ್ರವಿಲ್ಲ ಎಂದು ನಾನು ನಂಬಿದ್ದೆ. ಬೇರೆ ಯಾರೂ ನಂಬಿದ ದಾಖಲೆಯಿಲ್ಲ. ಆದರೂ ಈಗ ಡ್ರೋನ್ ತಯಾರಿಸುವ ನನ್ನ ಹಳೆಯ ವಿದ್ಯಾರ್ಥಿನಿ ಶ್ವೇತಾ, ಒಂದು ಇನ್‌ಫ್ರಾರೆಡ್ ಕ್ಯಾಮೆರಾ ತಂದು ಕೈಗಿತ್ತಳು. ಮೈಯ ಬಿಸಿ ಹಿಡಿದು, ಜೋಳದ ಹೊಲದೊಳಗೆ ಅಡಗಿದ ಹಂದಿಯನ್ನು ತೋರಿಸುವ ಕ್ಯಾಮೆರಾ.

"ಸರ್, ಇರೋದು ಇದೊಂದೇ. ಸೋಮವಾರ ರೈತರಿಗೆ ಹಾರಿಸಿ ತೋರಿಸ್ಬೇಕು. ಬಿಸಿ, ಕುಲುಕಾಟ, ನೀರು ತಡಿಯುತ್ತಾ ನೋಡಿಕೊಡಿ. ನೀರಿಗೆ ಒಂದು ಬಕೆಟ್ ಸಾಕು."

ಬಿಸಿಯ ಪರೀಕ್ಷೆಗೆ ಅದನ್ನು ಇಡ್ಲಿ ಪಾತ್ರೆಯಲ್ಲಿಟ್ಟು ಬೇಯಿಸಿದೆ. ಹೆಂಡತಿ ಗಿರಿಜಾ ಒಳಗೆ ಬಂದಳು.

"ರೀ, ನಾಳೆ ಇದ್ರಾಗೆ ಇಡ್ಲಿ ಮಾಡಿದ್ರೆ ಯಾರು ತಿನ್ಬೇಕು?"

ಕ್ಯಾಮೆರಾ ತೆಗೆದು ಅವಳತ್ತ ತಿರುಗಿಸಿದೆ. ತೆರೆಯ ಮೇಲೆ ಅವಳ ಮುಖ ಕೆಂಡದಂತೆ ಕಂಡಿತು. ಯಂತ್ರ ಸರಿಯಾಗಿದೆ ಎಂದು ತೀರ್ಮಾನಿಸಿದೆ.

ಕುಲುಕಾಟಕ್ಕೆ ಸೊರಬದಿಂದ ಜಡೆ ಊರಿಗೆ ಹೋಗುವ ಬಸ್ಸು ಹತ್ತಿ, ಹಿಂದಿನ ಸೀಟಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ನನ್ನ ಸೊಂಟ ಹಿಡಿಯಿತು. ಕ್ಯಾಮೆರಾಕ್ಕೆ ಏನೂ ಆಗಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ವಿಜ್ಞಾನಿಯಾಗಿಯೇ ಉಳಿಯುತ್ತಿದ್ದೆ. ಆದರೆ ಭಾನುವಾರ ಶ್ವೇತಾ, ಗಿರಿಜಾ ಇಬ್ಬರನ್ನೂ ಅಂಬ್ಲಿಗೊಳದ ಜಲಾಶಯಕ್ಕೆ ಕರೆದೊಯ್ದೆ.

"ಸರ್, ಬಕೆಟ್ಟಲ್ಲೇ ನೋಡಬಹುದಿತ್ತು" ಎಂದಳು ಶ್ವೇತಾ.

"ಬಕೆಟ್ ಇರೋದು ಕೂಸಿಗೆ ನೀರು ಹಾಕೋಕೆ. ಇದು ಸಂಶೋಧನೆ."

ಕ್ಯಾಮೆರಾಕ್ಕೆ ಹಗ್ಗ ಬಿಗಿದು, ಆಳ ನೋಡಿ ಎಸೆದೆ. ಗಂಭೀರವಾಗಿ ಗಡಿಯಾರ ನೋಡಿದೆ. ಗಂಭೀರವಾಗಿ ಹಗ್ಗ ಎಳೆದೆ. ಹಗ್ಗ ಹಗುರವಾಗಿ ಮೇಲೆ ಬಂತು. ತುದಿಯಲ್ಲಿ ಏನೂ ಇರಲಿಲ್ಲ.

ಶ್ವೇತಾ ದಡದ ಕಲ್ಲಿನ ಮೇಲೆ ಕುಸಿದು ಕೂತಳು. ಅವಳು ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಮೀನು ಹಿಡಿಯುವವರನ್ನು ಬೇಡಿಕೊಂಡು ಬಲೆ ಬೀಸಿಸಿದೆ. ಒಂದು ಹರಕು ಚಪ್ಪಲಿ ಸಿಕ್ಕಿತು.

ಸೋಮವಾರ ಡ್ರೋನ್ ಕುರುಡಾಗಿ ಹಾರಿತು. ರೈತರೊಬ್ಬರು, "ಹಂದಿ ಎಲ್ಲಿ ಕಾಣ್ತೈತಿ ತಾಯಿ?" ಎಂದು ಕೇಳಿದರು. ಶ್ವೇತಾ ನನ್ನತ್ತ ನೋಡದೆ, "ಕ್ಯಾಮೆರಾ ಇನ್ನೂ ನಮ್ಮ ಸರ್ ಪರೀಕ್ಷೇಲಿದೆ" ಎಂದಳು.

ಮನೆಗೆ ಬಂದು ಗಿರಿಜಾಳಿಗೆ, "ಬಾಳಿಕೆಯಲ್ಲಿ ಸಂಶಯವೇ ಇಲ್ಲ. ನೀರಿನ ತಳದಲ್ಲಿ ಈಗಲೂ ಕೆಲಸ ಮಾಡ್ತಿರುತ್ತೆ" ಎಂದೆ.

"ಅದು ಗಟ್ಟೀನೇ ಐತಿ ಬಿಡ್ರಿ. ಗಂಟು ಹಾಕಾಕ್ ಬರದವ್ರ ಕೈಗೆ ಕೊಟ್ಟಾಳ, ಪಾಪ. ನಿಮ್ಮತ್ರ ಕಲ್ತೂ ಆ ಹುಡುಗಿ ಡ್ರೋನ್ ಹೆಂಗೆ ಮಾಡಿದ್ಲು?"

ನಾನೂ ಯೋಚಿಸಿದೆ. ಬಹುಶಃ ನಾನು ರಜೆ ಹಾಕಿದ ದಿನಗಳಲ್ಲಿ ಓದಿಕೊಂಡಿರಬೇಕು.